ನಮ್ಮ ಮೈಬಣ್ಣದಲ್ಲಿ ‘ಕೆಂಪು’ ಕಾಣುವುದಿಲ್ಲ: ಚರ್ಮ, ಕೂದಲು, ಉಗುರು ನೋಡುವುದನ್ನು ಹೇಗೆ ಕಲಿಸುತ್ತೀರಿ?

ಬೋಧಕಿ, ದಾವಣಗೆರೆ

ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಎರಡನೆಯ ಸೆಮಿಸ್ಟರಿನ ಮಕ್ಕಳನ್ನು ವಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಅವರು ತುಂಬಿ ತರುವ ತಪಾಸಣಾ ಹಾಳೆಯಲ್ಲಿ ಚರ್ಮದ ಸಾಲು ಬಂದಾಗಲೆಲ್ಲ ಸಂಕಟವಾಗುತ್ತದೆ. ಯಾರ ಹಾಳೆ ತೆಗೆದರೂ ‘ಬಣ್ಣ ಗುಲಾಬಿ, ಬೆಚ್ಚಗಿದೆ, ಒಣಗಿದೆ, ಗಾಯವಿಲ್ಲ’. ಬಿಸಿಲಲ್ಲಿ ದುಡಿದು ಮೈ ಕಪ್ಪಿಟ್ಟ ಅಜ್ಜನೂ ಗುಲಾಬಿ, ಕಾಮಾಲೆಯಾಗಿ ದಾಖಲಾದ ಹುಡುಗನೂ ಗುಲಾಬಿ. ಕೂದಲು, ಉಗುರಿನ ಸಾಲಿನಲ್ಲಿ ‘ಸ್ವಚ್ಛ’ ಎಂಬ ಒಂದೇ ಪದ.

ಮಕ್ಕಳನ್ನು ಬೈಯಲು ಮನಸ್ಸು ಬರುವುದಿಲ್ಲ. ಅವರು ಓದುವ ಪುಸ್ತಕಗಳ ಬಹುಪಾಲು ಚಿತ್ರಗಳು ಬಿಳಿ ಚರ್ಮದವು. ಕೆಂಪಾಗಿದೆಯೇ, ಬಿಳಿಚಿದೆಯೇ, ನೀಲಿಗಟ್ಟಿದೆಯೇ ನೋಡಿ ಎಂದು ಪುಸ್ತಕ ಹೇಳುತ್ತದೆ. ನಮ್ಮ ವಾರ್ಡಿನಲ್ಲಿ ಮಲಗಿದವರ ಮೈಮೇಲೆ ಆ ಬಣ್ಣಗಳು ಹಾಗೆ ಕಾಣುವುದೇ ಇಲ್ಲ. ಕಾಣದ್ದನ್ನು ಮಕ್ಕಳು ‘ಇಲ್ಲ’ ಎಂದು ಬರೆದುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

ನಾನು ಹೇಳಿಕೊಡುವುದು ಇಷ್ಟು. ಮೊದಲು ಆ ವ್ಯಕ್ತಿಯ ಸಹಜ ಬಣ್ಣ ಯಾವುದೆಂದು ತಿಳಿಯಬೇಕು: ಬಿಸಿಲು ಬೀಳದ ಒಳತೋಳು, ಹೊಟ್ಟೆ ನೋಡಬೇಕು, ‘ಇವರು ಯಾವಾಗಲೂ ಹೀಗೇ ಇದ್ದರೇ?’ ಎಂದು ಮನೆಯವರನ್ನು ಕೇಳಬೇಕು. ಎರಡನೆಯದು ಹಗಲ ಬೆಳಕು. ಮೂರನೆಯದು ಕೈ. ಅಂಗೈಯಲ್ಲ, ಕೈಯ ಹಿಂಭಾಗ. ಶಾಖದ ವ್ಯತ್ಯಾಸ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಲಗಾಲು ಮುಟ್ಟಿದರೆ ಎಡಗಾಲನ್ನೂ ಮುಟ್ಟಬೇಕು. ಕಣ್ಣು ಸೋಲುವಲ್ಲಿ ಕೈ ಗೆಲ್ಲುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ನಿಮ್ಮ ನಿಮ್ಮ ವಾರ್ಡುಗಳಲ್ಲಿ ನಿಜಕ್ಕೂ ಎಲ್ಲಿ ನೋಡುತ್ತೀರಿ, ಏನು ಮುಟ್ಟುತ್ತೀರಿ? ಪುಸ್ತಕದ ಮಾತು ಬೇಡ, ಕೆಲಸದ ಮಾತು ಬೇಕು.

ಐಸಿಯು ಸಿಸ್ಟರ್, ಹುಬ್ಬಳ್ಳಿ

ಮೇಡಂ, ಒಳ್ಳೆಯ ಪ್ರಶ್ನೆ. ರಕ್ತಹೀನತೆಗೆ ನಾನು ಮುಖದ ಬಣ್ಣ ನಂಬುವುದೇ ಇಲ್ಲ. ಕೆಳ ರೆಪ್ಪೆ ಎಳೆದು ಒಳಪೊರೆ ನೋಡುತ್ತೇನೆ, ನಾಲಿಗೆ, ಅಂಗೈ ಗೆರೆಗಳು, ಉಗುರಿನ ಬುಡ ನೋಡುತ್ತೇನೆ. ಕಪ್ಪು ಮೈಯವರು ಬಿಳಿಚಿದಾಗ ಬೆಳ್ಳಗಾಗುವುದಿಲ್ಲ. ಬೂದು ತಿರುಗುತ್ತಾರೆ, ಚರ್ಮದ ಕಳೆ ಹೋಗುತ್ತದೆ. ಗೋಧಿ ಬಣ್ಣದವರು ಹಳದಿ ಮಿಶ್ರಿತ ಕಂದಾಗಿ ಕಾಣುತ್ತಾರೆ. ಆಮ್ಲಜನಕ ಕಡಿಮೆಯಾದರೆ ತುಟಿಯ ಒಳಭಾಗ ಮತ್ತು ನಾಲಿಗೆ. ಬೆರಳ ತುದಿ ಮಾತ್ರ ನೀಲಿಯಾಗಿದ್ದರೆ ಚಳಿಯೂ ಕಾರಣವಿರಬಹುದು, ನಾಲಿಗೆಯೇ ನೀಲಿಯಾದರೆ ವೈದ್ಯರನ್ನು ಕೂಗುತ್ತೇನೆ.

ಆಕ್ಸಿಮೀಟರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ಅಂಕಿ ತೋರಿಸಬಹುದು ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನೈಲ್ ಪಾಲಿಶ್, ಗಾಢ ಮೆಹಂದಿ ಇದ್ದರೂ ಅಂಕಿ ಎಡವಬಹುದು. 94 ಇದೆ ಎಂದು ನಿಶ್ಚಿಂತೆಯಿಂದ ಕೂರದೆ ಉಸಿರಾಟದ ವೇಗ ಎಣಿಸಿ.

ಕಾಮಾಲೆಗೆ ಕಣ್ಣಿನ ಬಿಳಿಭಾಗ, ಅದೂ ಕಿಟಕಿಯ ಬಳಿ. ಹಳದಿ ಬಲ್ಬಿನ ಕೆಳಗೆ ಎಲ್ಲರೂ ಹಳದಿಯೇ. ನಮ್ಮಲ್ಲಿ ಹೆಂಗಸರು ಅರಿಶಿನ ಹಚ್ಚಿಕೊಂಡು ಸ್ನಾನ ಮಾಡುವುದರಿಂದ ಕೆನ್ನೆ, ಪಾದ ನೋಡಿ ತೀರ್ಮಾನಿಸುವಂತಿಲ್ಲ. ಕಪ್ಪು ಮೈಯ ಕೆಲವರಿಗೆ ಕಣ್ಣಿನ ಬಿಳಿಭಾಗದ ಅಂಚಿನಲ್ಲಿ ಮಾಸಲು ಕಂದು ಅಥವಾ ಹಳದಿ ಕೊಬ್ಬು ಇರುವುದೂ ಸಹಜ. ಹಳದಿ ಕಪ್ಪುಗುಡ್ಡೆಯ ಅಂಚಿನವರೆಗೂ ಹಬ್ಬಿದೆಯೇ, ಬಾಯಿಯ ಅಂಗುಳದಲ್ಲೂ ಇದೆಯೇ ಎಂದು ನೋಡಿ ಹೇಳಬೇಕು.

ಡೆಂಗಿ ದಿನಗಳಲ್ಲಿ ಚರ್ಮದಡಿಯ ರಕ್ತದ ಚುಕ್ಕೆಗಳೂ ಹೀಗೆಯೇ. ಎದೆ ಮೇಲೆ ಹುಡುಕಿ ಕಾಣಲಿಲ್ಲ ಎನ್ನಬೇಡಿ. ಬಾಯಿಯ ಅಂಗುಳ, ಕಣ್ಣ ಒಳಪೊರೆ, ಒಳತೋಳು, ಬಿ.ಪಿ. ಪಟ್ಟಿ ಕಟ್ಟಿದ ಜಾಗ ನೋಡಿ. ಒತ್ತಿದರೆ ಮಾಯವಾಗದ್ದು ರಕ್ತದ ಚುಕ್ಕೆ.

ಸಾಗರದ ಸಿಸ್ಟರ್

ಹುಬ್ಬಳ್ಳಿಯವರು ಹೇಳಿದ್ದು ಸರಿ. ಆದರೆ ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಬೆರಳು, ಉಗುರು ಕಪ್ಪು ಹಿಡಿದಿರುತ್ತದೆ. ಎಷ್ಟು ತೊಳೆದರೂ ಹೋಗದು. ಬಾಯಿ ನೋಡೋಣವೆಂದರೆ ಎಲೆಯಡಿಕೆ ಜಗಿದು ನಾಲಿಗೆ, ತುಟಿ ಕೆಂಪು. ಉಳಿಯುವುದು ಕಣ್ಣ ಒಳಪೊರೆ ಮತ್ತು ಕಾಲಿನ ಉಗುರು. ಗದ್ದೆ ನಾಟಿಯಲ್ಲಿ ದುಡಿಯುವ ಹೆಂಗಸರ ಕಾಲ್ಬೆರಳುಗಳಲ್ಲಿ ಉಗುರುಸುತ್ತು, ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಇದ್ದರೆ ಅದೂ ಇಲ್ಲ. ಹಾಗಾಗಿ ‘ಇಲ್ಲಿ ನೋಡಿ’ ಎಂಬ ಒಂದೇ ಪಟ್ಟಿ ಎಲ್ಲ ಊರಿಗೂ ಸಾಲದು.

ನನಗೆ ಮುಖ್ಯವೆನಿಸುವುದು ಇನ್ನೊಂದು. ಜ್ವರದಿಂದ ಬಂದವರ ಬಟ್ಟೆ ಬಿಚ್ಚಿಸಿ ಮೈ ಪೂರ್ತಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಸ್ಕ್ರಬ್ ಟೈಫಸ್ ಎಂಬ ಜ್ವರದಲ್ಲಿ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ರೋಗಿ ಹೇಳುವುದಿಲ್ಲ. ಅದು ಇರುವುದು ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದಲ್ಲಿ ಲಾಡಿ ಕಟ್ಟುವ ಜಾಗದಲ್ಲಿ. ಎಲ್ಲರಲ್ಲೂ ಇರುವುದಿಲ್ಲ, ಆದರೆ ಇದ್ದರೆ ಅಲ್ಲಿಗೇ ರೋಗದ ಗುಟ್ಟು ಒಡೆಯುತ್ತದೆ, ಅದರ ಔಷಧ ಡಾಕ್ಸಿಸೈಕ್ಲಿನ್ ಬೇಗ ಶುರುವಾಗುತ್ತದೆ.

ಮಂಗನ ಕಾಯಿಲೆಯ ಸೀಮೆ ಇದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ರೋಗ ಇವತ್ತಿಗೂ ಬೇಸಿಗೆಯ ಮುಂಚೆ ನಮ್ಮನ್ನು ನಿದ್ದೆಗೆಡಿಸುತ್ತದೆ. ದರಕು (ಒಣಗಿದ ಎಲೆ) ಗುಡಿಸಲು, ಸೌದೆಗೆ ಕಾಡಿಗೆ ಹೋಗಿ ಬಂದವರ ಕಿವಿಯ ಹಿಂದೆ, ಕೂದಲಂಚು, ಮಂಡಿಯ ಹಿಂದೆ, ಉಡಿದಾರದ ಕೆಳಗೆ ಆ ರೋಗ ಹರಡುವ ಉಣುಗು ಹುಡುಕುತ್ತೇನೆ. ಸಿಕ್ಕರೆ ಬರಿಗೈಯಲ್ಲಿ ಹಿಸುಕಬಾರದು. ಚಿಮಟಿಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು.

ಬ್ರದರ್, ವಿಜಯಪುರ

ಎಲ್ಲವೂ ನಿಜ. ಆದರೆ ಕೇಳುವ ಮನಸ್ಸಿದ್ದರೆ ಒಂದು ಕಷ್ಟ ಹೇಳುತ್ತೇನೆ. ಬಟ್ಟೆ ಬಿಚ್ಚಿಸಿ ನೋಡಿ ಎನ್ನುತ್ತೀರಿ. ನಮ್ಮ ವಾರ್ಡಿನಲ್ಲಿ ಪರದೆ ಇಲ್ಲದ ಹಾಸಿಗೆಗಳಿವೆ, ಸಂದರ್ಶಕರು ಸುತ್ತ ನಿಂತಿರುತ್ತಾರೆ. ನಾನು ಗಂಡಸು, ಹೆಣ್ಣುಮಕ್ಕಳ ಮೈ ನೋಡಲು ಮಹಿಳಾ ಸಹೋದ್ಯೋಗಿಯನ್ನು ಕಾಯಬೇಕು, ರಾತ್ರಿ ಪಾಳಿಯಲ್ಲಿ ಅವರು ಇನ್ನೊಂದು ವಾರ್ಡಿನಲ್ಲಿರುತ್ತಾರೆ. ಇಂಜೆಕ್ಷನ್, ಡ್ರಿಪ್, ದಾಖಲೆ ಮುಗಿಸುವಷ್ಟರಲ್ಲಿ ಪಾಳಿ ಮುಗಿಯುತ್ತದೆ. ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಜೊತೆಗಿರುವ ಮನೆಯವರ ಪಾಲು. ತಲೆಯಿಂದ ಕಾಲಿನವರೆಗೆ ನೋಡುವ ಸಮಯ ಎಲ್ಲಿಂದ ತರುವುದು?

ಬೋಧಕಿ, ದಾವಣಗೆರೆ

ಬ್ರದರ್, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ನೀವು ಕೊನೆಯಲ್ಲಿ ಹೇಳಿದ ಮಾತನ್ನೇ ನಾನು ಹಿಡಿದುಕೊಳ್ಳುತ್ತೇನೆ. ಮೈ ಒರೆಸುವ ಕೆಲಸ ಮನೆಯವರ ಪಾಲಾದ ದಿನವೇ ಚರ್ಮದ ಪರೀಕ್ಷೆ ನಮ್ಮ ಕೈತಪ್ಪಿತು. ಅದಕ್ಕೆ ಬೇರೆಯಾಗಿ ಸಮಯ ಹುಡುಕಿದರೆ ಎಂದೂ ಸಿಗದು. ಬೆನ್ನು ಒರೆಸುವಾಗ ಬೆನ್ನು, ತಲೆ ಬಾಚುವಾಗ ನೆತ್ತಿ, ಕ್ಯಾತಿಟರ್ ನೋಡುವಾಗ ತೊಡೆಸಂದಿ, ಡ್ರಿಪ್ ಚುಚ್ಚುವಾಗ ಉಗುರು ಮತ್ತು ಚರ್ಮದ ಒಣಗು: ಪರೀಕ್ಷೆ ನಡೆಯುವುದು ಹೀಗೆ. ಮನೆಯವರೇ ಒರೆಸಲಿ, ಬೇಡವೆನ್ನುವುದಿಲ್ಲ. ದಿನಕ್ಕೊಮ್ಮೆ ಅವರ ಪಕ್ಕ ನಿಂತು ರೋಗಿಯನ್ನು ಮಗ್ಗುಲಿಗೆ ಹೊರಳಿಸಲು ಕೈಕೊಡಿ. ಹೊರಳಿಸುವ ಆ ಅರೆನಿಮಿಷದಲ್ಲಿ ಬಾಲಮೂಳೆಯ ಜಾಗ ಕಾಣುತ್ತದೆ.

ಪರದೆಯ ವಿಷಯಕ್ಕೆ: ಇಬ್ಬರು ಬೆಡ್‌ಶೀಟ್ ಎತ್ತಿ ಹಿಡಿದರೂ ಪರದೆಯೇ. ಮೈಯನ್ನು ಒಮ್ಮೆಲೇ ತೆರೆಯಬೇಕಿಲ್ಲ, ನೋಡುವ ಭಾಗ ಮಾತ್ರ ತೆರೆದು ಮುಚ್ಚಿ ಮುಂದೆ ಹೋಗಬಹುದು. ‘ಅಮ್ಮ, ಬೆನ್ನು ನೋಡುತ್ತೇನೆ, ಮುಟ್ಟಲೇ?’ ಎಂದು ಕೇಳಿದ ಮೇಲೆ ಬೇಡ ಎಂದವರು ನನ್ನ ಅನುಭವದಲ್ಲಿ ಬಹಳ ಕಡಿಮೆ.

ನಿವೃತ್ತ ಶುಶ್ರೂಷಾ ಅಧೀಕ್ಷಕಿ, ಮೈಸೂರು

ದಾವಣಗೆರೆಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ನಮ್ಮ ಕಾಲದಲ್ಲಿ ‘ಬ್ಯಾಕ್ ಕೇರ್’ ತಪ್ಪಿಸಿದರೆ ಸಿಸ್ಟರ್ ಇನ್‌ಚಾರ್ಜ್ ಬಿಡುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಪ್ರತಿ ರೋಗಿಯ ಬೆನ್ನು ತೊಳೆದು, ಸ್ಪಿರಿಟ್ ಹಚ್ಚಿ ಉಜ್ಜಿ, ಪೌಡರ್ ಹಾಕುತ್ತಿದ್ದೆವು. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಕಡಿಮೆ ಇತ್ತು. ಈಗಿನವರು ಮುಟ್ಟುವುದನ್ನೇ ಮರೆತಿದ್ದಾರೆ.

ಲೀಡ್ಸ್‌ನ ಕನ್ನಡತಿ

ಅಮ್ಮ, ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ. ದಿನಕ್ಕೆರಡು ಬಾರಿ ಬೆನ್ನು ನೋಡುತ್ತಿದ್ದಿರಲ್ಲ, ಕಾಪಾಡಿದ್ದು ಅದು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಒತ್ತಡದಿಂದ ಬಣ್ಣ ತಿರುಗಿದ ಜಾಗವನ್ನು ಉಜ್ಜಿದರೆ ಒಳಗೆ ಆಗಲೇ ನಲುಗಿರುವ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ, ಆದ್ದರಿಂದ ಈಗಿನ ಮಾರ್ಗಸೂಚಿಗಳು ಉಜ್ಜಬೇಡಿ ಎನ್ನುತ್ತವೆ. ಗಾಳಿ ತುಂಬಿದ ರಿಂಗ್, ನೀರು ತುಂಬಿದ ಗ್ಲೌಸ್ ಕೂಡ ಬೇಡ. ಹಿಮ್ಮಡಿಗಾದರೆ ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಡಬೇಕು.

ಇಲ್ಲಿ ಇಂಗ್ಲೆಂಡಿನಲ್ಲಿ ರೋಗಿ ದಾಖಲಾದ 6 ಗಂಟೆಯೊಳಗೆ ಒತ್ತಡದ ಗಾಯದ ಅಪಾಯ ಅಳೆದು ಬರೆಯಬೇಕೆಂಬ ನಿಯಮವಿದೆ. ಅಳೆಯಲು ಹಲವು ಮಾಪಕಗಳಿವೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಬ್ರೇಡನ್ ಮಾಪಕ 1987ರಲ್ಲಿ ಪ್ರಕಟವಾದದ್ದು. ಸ್ಪರ್ಶಜ್ಞಾನ, ತೇವ, ಚಟುವಟಿಕೆ, ಅಲುಗಾಟ, ಆಹಾರ, ಉಜ್ಜಾಟ ಎಂಬ ಆರು ಅಂಶ. ಒಟ್ಟು 6ರಿಂದ 23. 18 ಅಥವಾ ಅದಕ್ಕಿಂತ ಕಡಿಮೆಯಾದರೆ ಎಚ್ಚರ. ಅಂಕ ಹಾಕುವುದು ಸುಲಭ, ಮುಟ್ಟಿ ನೋಡುವುದನ್ನು ಮಾತ್ರ ಅದು ತಪ್ಪಿಸಲಾರದು.

ಮೊದಲ ಹಂತದ ಗಾಯವೆಂದರೆ ‘ಒತ್ತಿದರೂ ಬಿಳಿಚದ ಕೆಂಪು’. ಕಪ್ಪು ಚರ್ಮದಲ್ಲಿ ಕೆಂಪೂ ಇಲ್ಲ, ಬಿಳಿಚುವುದೂ ಇಲ್ಲ. ಅಲ್ಲಿ ಸುತ್ತಲಿಗಿಂತ ಗಾಢವಾದ, ನೇರಳೆ ಛಾಯೆಯ ಜಾಗ ಹುಡುಕಬೇಕು. ಮುಟ್ಟಿದರೆ ಸುತ್ತಲಿಗಿಂತ ಬಿಸಿ ಅಥವಾ ತಣ್ಣಗೆ, ಗಟ್ಟಿಯಾಗಿ ಇಲ್ಲವೇ ಕಳಿತ ಹಣ್ಣು ಒತ್ತಿದ ಹಾಗೆ ಮೆತ್ತಗೆ ಸಿಗುತ್ತದೆ. ರೋಗಿ ನೋವು, ಉರಿ ಎಂದರೆ ಅದನ್ನೂ ಬರೆಯಿರಿ. ಚರ್ಮ ಒಡೆಯುವ ಮುಂಚೆಯೇ ಗಾಯ ಶುರುವಾಗಿರುತ್ತದೆ ಎಂಬ ಕಾರಣಕ್ಕೇ 2016ರಲ್ಲಿ ಅಮೆರಿಕದ ರಾಷ್ಟ್ರೀಯ ಒತ್ತಡದ ಹುಣ್ಣು ಸಲಹಾ ಮಂಡಳಿ ಇದನ್ನು ಹುಣ್ಣು ಎನ್ನದೆ ಒತ್ತಡದ ಗಾಯ ಎಂದು ಕರೆಯತೊಡಗಿತು.

ಬೋಧಕಿ ಮೇಡಂಗೆ: ಚಿತ್ರಗಳ ಕೊರತೆ ಇಲ್ಲಿಯೂ ಇತ್ತು. ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರೊಡನೆ ಸೇರಿ 2020ರಲ್ಲಿ ಕಪ್ಪು, ಕಂದು ಚರ್ಮದ ಮೇಲಿನ ರೋಗಲಕ್ಷಣಗಳ ಕೈಪಿಡಿಯನ್ನೇ ತಂದ. ಒಬ್ಬ ವಿದ್ಯಾರ್ಥಿಗೆ ಸಾಧ್ಯವಾದದ್ದು ನಮ್ಮ ಕಾಲೇಜುಗಳಿಗೆ ಸಾಧ್ಯವಿಲ್ಲವೇ? ರೋಗಿಯ ಒಪ್ಪಿಗೆ ಪಡೆದು, ಮುಖ ಕಾಣದಂತೆ ತೆಗೆದ ನಮ್ಮದೇ ಚಿತ್ರಗಳ ಸಂಗ್ರಹ ಬೇಕು.

ನಿವೃತ್ತ ಶುಶ್ರೂಷಾ ಅಧೀಕ್ಷಕಿ, ಮೈಸೂರು

ಒಪ್ಪಿದೆ ಮಗಳೇ. ಸ್ಪಿರಿಟ್ ಬಿಡೋಣ, ಬೆಳಿಗ್ಗೆ ಸಂಜೆ ಬೆನ್ನು ನೋಡುವುದನ್ನು ಬಿಡುವುದು ಬೇಡ.

ತುಮಕೂರಿನ ಮಗಳು

ನಾನು ನರ್ಸ್ ಅಲ್ಲ. ಪಾರ್ಶ್ವವಾಯುವಾಗಿ ಮಲಗಿರುವ ಅಮ್ಮನನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಬೆನ್ನು ದಿನವೂ ನೋಡುತ್ತೇನೆ. ಇನ್ನೇನು ನೋಡಬೇಕು? ನೀರು ಕಡಿಮೆಯಾಗಿದೆಯೇ ಎಂದು ಕೈ ಮೇಲಿನ ಚರ್ಮ ಹಿಂಡಿ ನೋಡಲು ಯಾರೋ ಹೇಳಿದರು. ಹಿಂಡಿದರೆ ಹಾಗೇ ನಿಲ್ಲುತ್ತದೆ, ಭಯವಾಗುತ್ತದೆ.

ಬೋಧಕಿ, ದಾವಣಗೆರೆ

ಭಯ ಬೇಡ ತಾಯಿ. ವಯಸ್ಸಾದವರ ಕೈ ಮೇಲಿನ ಚರ್ಮ ಸಡಿಲವಾಗಿರುವುದರಿಂದ ನೀರು ಸಾಕಷ್ಟಿದ್ದರೂ ಮಡಿಕೆ ನಿಲ್ಲುತ್ತದೆ. ಕೊರಳ ಮೂಳೆಯ ಕೆಳಗೆ ಅಥವಾ ಎದೆಮೂಳೆಯ ಮೇಲೆ ಹಿಂಡಿ ನೋಡಿ. ನಾಲಿಗೆ ಒಣಗಿದೆಯೇ, ಮೂತ್ರ ಗಾಢವಾಗಿದೆಯೇ, ಕಡಿಮೆಯಾಗಿದೆಯೇ ಎಂಬುದು ಅದಕ್ಕಿಂತ ನಂಬಿಕೆಯ ಗುರುತು. ಚಿಕ್ಕ ಮಕ್ಕಳಿಗೆ ಭೇದಿಯಾದಾಗ ಹೊಟ್ಟೆಯ ಚರ್ಮ ಹಿಂಡುತ್ತೇವೆ. ಮೊದಲಿನಂತಾಗಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೀವ್ರ ನಿರ್ಜಲತೆಯ ಲಕ್ಷಣ.

ಬೆನ್ನಿನ ಜೊತೆಗೆ ಹಿಮ್ಮಡಿ, ಸೊಂಟದ ಮಗ್ಗುಲು, ಮೊಣಕೈ, ಕಿವಿ ನೋಡಿ. ಇವೆಲ್ಲಕ್ಕಿಂತ ಎಲ್ಲರೂ ಮರೆಯುವ ಜಾಗ ತಲೆಯ ಹಿಂಭಾಗ. ಅಮ್ಮನಿಗೆ ಉದ್ದ ಕೂದಲಿದ್ದರೆ ತುರುಬು ಕಟ್ಟಿ ಅದರ ಮೇಲೆ ಮಲಗಿಸಬೇಡಿ. ತುರುಬು, ಹೇರ್‌ಪಿನ್, ರಬ್ಬರ್ ಬ್ಯಾಂಡ್ ಒತ್ತಿ ಅಲ್ಲಿಯೇ ಗಾಯವಾಗುತ್ತದೆ, ಕೂದಲು ಅದನ್ನು ಮುಚ್ಚಿಡುತ್ತದೆ. ಎರಡು ಜಡೆ ಹೆಣೆದು ಕಿವಿಯ ಪಕ್ಕಕ್ಕೆ ಬಿಡಿ. ಬಾಚುವಾಗ ನೆತ್ತಿಯನ್ನು ಬೆರಳಿನಿಂದ ಸವರಿ. ಸೀರು ಇದ್ದರೆ ಕೂದಲಿಗೆ ಅಂಟಿಕೊಂಡಿರುತ್ತದೆ, ಹೊಟ್ಟಾದರೆ ಕೊಡವಿದರೆ ಉದುರುತ್ತದೆ.

ಪಾದ ಊದಿದ್ದರೆ ಕಾಲುಂಗುರ, ಕೈ ಊದಿದ್ದರೆ ಬಳೆ, ಉಂಗುರ ಮೊದಲು ತೆಗೆಯಿರಿ. ಪಾರ್ಶ್ವವಾಯು ಹೊಡೆದ ಕಡೆಯ ಕೈ ಬೇಗ ಊದುತ್ತದೆ, ಅಲ್ಲಿ ನೋವು ಗೊತ್ತಾಗದೆಯೂ ಇರಬಹುದು. ಊತವನ್ನು ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ. ಗುಳಿ ಬಿದ್ದರೆ ವೈದ್ಯರಿಗೆ ಹೇಳಿ. ಮಗ್ಗುಲು ಬದಲಿಸುವುದನ್ನು ಎರಡು ಗಂಟೆಗೊಮ್ಮೆ ಎಂದು ಇಟ್ಟುಕೊಳ್ಳಿ. ರಾತ್ರಿ ನಿಮ್ಮಿಂದ ಒಬ್ಬರಿಂದಲೇ ಆಗದು, ಮನೆಯಲ್ಲಿ ಇನ್ನೊಬ್ಬರ ಹೆಸರು ಬರೆದು ಪಾಳಿ ಹಂಚಿ. ಇದನ್ನು ಕೇಳಲು ಸಂಕೋಚಪಡಬೇಡಿ.

ಆರೋಗ್ಯ ಸುರಕ್ಷಾಧಿಕಾರಿ, ಯಾದಗಿರಿ

ಆಸ್ಪತ್ರೆಯ ಒಳಗಿನ ಮಾತೇ ಹೆಚ್ಚಾಯಿತು, ಹೊರಗಿನದೂ ಸ್ವಲ್ಪ ಬರಲಿ. ನಾವು ಮನೆ ಮನೆ ಸುತ್ತುವವರು.

ತಿಳಿ ಬಣ್ಣದ ಮಚ್ಚೆ ಕಂಡರೆ ಜನ ತೊನ್ನು ಎಂದು ಅಡಗಿಸಿಕೊಳ್ಳುತ್ತಾರೆ. ತೊನ್ನಿನಲ್ಲಿ ಸ್ಪರ್ಶ ಇರುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿರುತ್ತದೆ, ಬೆವರು, ರೋಮ ಕಡಿಮೆ. ಕಣ್ಣು ತೆರೆದಿರುವಾಗಲೇ ಪೆನ್ನಿನ ತುದಿಯಿಂದ ಒಳ್ಳೆಯ ಚರ್ಮಕ್ಕೆ ಮೆಲ್ಲಗೆ ಮುಟ್ಟಿ ತೋರಿಸುತ್ತೇನೆ, ಆಮೇಲೆ ಕಣ್ಣು ಮುಚ್ಚಿಸಿ ಮುಟ್ಟಿದ ಜಾಗಕ್ಕೆ ಬೆರಳು ಇಡಲು ಹೇಳುತ್ತೇನೆ. ಹುಬ್ಬಿನ ಹೊರ ತುದಿ ಉದುರಿದೆಯೇ, ಕಿವಿಯ ಹಾಲೆ ದಪ್ಪಗಾಗಿದೆಯೇ ನೋಡುತ್ತೇನೆ. 2005ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದಲ್ಲಿ ನಿರ್ಮೂಲನೆಯ ಗುರಿ ಮುಟ್ಟಿದ್ದೇವೆ ಎಂದು ಘೋಷಣೆಯಾಯಿತು. ಅದರ ಅರ್ಥ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂದಷ್ಟೇ. ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಔಷಧ ಉಚಿತ, ಬೇಗ ಕಂಡರೆ ಬೆರಳು ಉಳಿಯುತ್ತದೆ.

ನಮ್ಮ ಜಿಲ್ಲೆಯ ಇನ್ನೊಂದು ದುಃಖ ಬಾವಿ ನೀರಿನ ಆರ್ಸೆನಿಕ್. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅದರಿಂದ ಜನ ನರಳಿದ್ದು ದಾಖಲಾಗಿದೆ. ಅಂಗೈ, ಅಂಗಾಲಿನಲ್ಲಿ ಗಂಟು ಗಂಟಾದ ಒರಟು, ಎದೆ ಬೆನ್ನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ. ಬರಿಗಾಲಲ್ಲಿ ನಡೆದು ಒರಟಾಗಿದೆ ಎಂದುಕೊಂಡರೆ ಅಲ್ಲಿಗೇ ಮುಗಿಯಿತು. ಒಂದೇ ಬಾವಿಯ ನೀರು ಕುಡಿಯುವ ನಾಲ್ಕಾರು ಜನರ ಅಂಗೈ ಒಂದೇ ರೀತಿ ಇದ್ದರೆ ಕೇಳಬೇಕಾದ ಪ್ರಶ್ನೆ ನೀರಿನದು.

ಹುಳುಕಡ್ಡಿಗೆ ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿ ಬರುವವರೂ ತುಂಬಾ. ಅದು ಉರಿ ತಗ್ಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ, ಉಂಗುರದಾಕಾರವೂ ಅಳಿಸಿಹೋಗುತ್ತದೆ. ‘ಏನು ಹಚ್ಚಿದ್ದೀರಿ, ಟ್ಯೂಬ್ ತೋರಿಸಿ’ ಎಂದು ಕೇಳದೆ ಚರ್ಮ ನೋಡುವುದು ಅರ್ಧ ನೋಡಿದಂತೆ.

ಮೊದಲ ವರ್ಷದ ವಿದ್ಯಾರ್ಥಿ

ಉಗುರು ಅದರ ಬುಡದ ಚರ್ಮದೊಡನೆ ಮಾಡುವ ಕೋನ ಸಹಜವಾಗಿ 160 ಡಿಗ್ರಿ ಎಂದು ಓದುತ್ತೇವೆ. ಹಾಸಿಗೆ ಪಕ್ಕ ಅದನ್ನು ಅಳೆಯುವುದು ಹೇಗೆ?

ಐಸಿಯು ಸಿಸ್ಟರ್, ಹುಬ್ಬಳ್ಳಿ

ಅಳೆಯಬೇಡ, ಎರಡೂ ಕೈಯ ಒಂದೇ ಬೆರಳಿನ ಉಗುರನ್ನು ಬೆನ್ನಿಗೆ ಬೆನ್ನು ತಾಗಿಸಲು ಹೇಳು. ನಡುವೆ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿದ್ದರೆ ಬೆರಳತುದಿ ಉಬ್ಬಿದೆ ಎಂದರ್ಥ. ಶ್ವಾಸಕೋಶ, ಹೃದಯದ ಹಳೆಯ ಕಾಯಿಲೆ ಇರಬಹುದು. ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೋ ಶ್ಯಾಮ್‌ರಾತ್ ತನ್ನ ಹೃದಯದ ಒಳಪೊರೆಗೆ ಸೋಂಕು ತಗುಲಿದಾಗ ತನ್ನದೇ ಬೆರಳುಗಳಲ್ಲಿ ಇದನ್ನು ಗಮನಿಸಿ 1976ರಲ್ಲಿ ಬರೆದ.

ಉಗುರು ಚಮಚದಂತೆ ಗುಳಿಬಿದ್ದಿದ್ದರೆ ಕಬ್ಬಿಣದ ಕೊರತೆ ನೆನಪಿಸಿಕೋ. ಅಡ್ಡಗೆರೆ ತೋಡಿದ ಹಾಗಿದ್ದರೆ ಹಿಂದೆ ದೊಡ್ಡ ಕಾಯಿಲೆಯಾಗಿತ್ತೇ ಎಂದು ಕೇಳು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಗೆರೆ ಬುಡದಿಂದ ಎಷ್ಟು ದೂರ ಬಂದಿದೆ ಎಂದು ನೋಡಿ ಕಾಯಿಲೆಯ ಕಾಲ ಹೇಳಬಹುದು. ಹಲವು ಉಗುರುಗಳಲ್ಲಿ ಉದ್ದನೆಯ ಕಂದು ಪಟ್ಟಿಗಳಿದ್ದರೆ ನಮ್ಮಂಥ ಚರ್ಮದವರಲ್ಲಿ ಬಹುಮಟ್ಟಿಗೆ ಸಹಜ. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಪಟ್ಟಿ ಬಂದು ಅಗಲವಾಗುತ್ತಿದ್ದರೆ, ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ, ಅಂದೇ ವೈದ್ಯರಿಗೆ ತೋರಿಸಬೇಕು. ನಮ್ಮಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಪರೂಪ, ಬಂದಾಗ ಹೆಚ್ಚಾಗಿ ಅಂಗಾಲು, ಉಗುರಿನಡಿಯಲ್ಲೇ ಅಡಗಿರುತ್ತದೆ. ಅಂಗಾಲು ನೋಡದೆ ಹಾಳೆ ತುಂಬಬೇಡ.

ತುಮಕೂರಿನ ಮಗಳು

ಇನ್ನೊಂದು ಪ್ರಶ್ನೆ, ಕ್ಷಮಿಸಿ. ಡೆಂಗಿ ಬಂದು ಹೋದ ಮೇಲೆ ನನ್ನದೇ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿದೆ.

ಸಾಗರದ ಸಿಸ್ಟರ್

ಜ್ವರ, ಹೆರಿಗೆ, ಟೈಫಾಯ್ಡ್ ಆದ ಎರಡು ಮೂರು ತಿಂಗಳಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ನೆತ್ತಿಯಲ್ಲಿ ನಾಣ್ಯದಷ್ಟು ಜಾಗ ನುಣುಪಾಗಿ ಬೋಳಾದರೆ ಅಥವಾ ಹೊಟ್ಟೆದ್ದು ಕೂದಲು ತುಂಡಾಗಿದ್ದರೆ ಬೇರೆ ವಿಷಯ, ಚರ್ಮವೈದ್ಯರಲ್ಲಿಗೆ ಹೋಗಿ. ಅಮ್ಮನ ಆರೈಕೆಯ ನಡುವೆ ನಿಮ್ಮ ಊಟ ತಪ್ಪಿಸಬೇಡಿ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ಹೆರಿಗೆ ವಾರ್ಡ್, ಕೋಲಾರ

ತಡವಾಗಿ ಸೇರುತ್ತಿದ್ದೇನೆ. ಬೋಧಕಿ ಮೇಡಂ, ಮಕ್ಕಳಿಗೆ ಕಲಿಸುವಾಗ ನವಜಾತ ಶಿಶುವನ್ನೂ ಸೇರಿಸಿ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಪೃಷ್ಠದ ಮೇಲೆ, ಸೊಂಟದಲ್ಲಿ ನೀಲಿ ಬೂದು ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಅದು ಪೆಟ್ಟಲ್ಲ, ನೋವಿಲ್ಲ, ಬೆಳೆಯುತ್ತಾ ಮಾಸುತ್ತದೆ. ಎಲ್ಲಿ, ಎಷ್ಟು ದೊಡ್ಡದು ಎಂದು ಹುಟ್ಟಿದ ದಿನವೇ ಬರೆದು ತಾಯಿಗೆ ತೋರಿಸಬೇಕು. ಬರೆಯದಿದ್ದರೆ ಮುಂದೆ ಯಾರೋ ಅದನ್ನು ಹೊಡೆದ ಗುರುತು ಎಂದುಕೊಂಡು ಬಾಣಂತಿಯನ್ನೇ ಪ್ರಶ್ನಿಸುತ್ತಾರೆ. ಮಗುವಿನ ಕಾಮಾಲೆಯನ್ನೂ ಬರಿಗಣ್ಣಿನಲ್ಲಿ ಅಳೆಯಬಾರದು. ಹಣೆ ಅಥವಾ ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಕಾಣುವ ಬಣ್ಣ ಹಗಲಲ್ಲಿ ನೋಡಬೇಕು, ಅನುಮಾನವಿದ್ದರೆ ರಕ್ತಪರೀಕ್ಷೆ. ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ ಕಾಯುವುದೇ ಬೇಡ.

ಬೋಧಕಿ, ದಾವಣಗೆರೆ

ಕೋಲಾರದವರೇ, ನಿಮ್ಮ ಮಾತನ್ನು ನಾಳೆಯ ಪ್ರಾತ್ಯಕ್ಷಿಕೆಗೇ ಸೇರಿಸುತ್ತೇನೆ. ಲೀಡ್ಸ್‌ನವರು ಹೇಳಿದ ಚಿತ್ರಸಂಗ್ರಹಕ್ಕೆ ನಮ್ಮ ಕಾಲೇಜಿನ ನೈತಿಕ ಸಮಿತಿಗೆ ಅರ್ಜಿ ಬರೆಯಲು ಕೂತಿದ್ದೇನೆ. ಒಪ್ಪಿಗೆ ಪತ್ರದ ಕರಡನ್ನು ಕನ್ನಡದಲ್ಲೇ ಇಡಬೇಕು, ಓದಲು ಬಾರದವರಿಗೆ ಓದಿ ಹೇಳುವ ಸಾಕ್ಷಿಯ ಸಾಲು ಬೇಕು. ನಿಮ್ಮ ಆಸ್ಪತ್ರೆಗಳಲ್ಲಿ ಅಂಥ ಪತ್ರ ಬಳಕೆಯಲ್ಲಿದ್ದರೆ ಅದರ ಒಕ್ಕಣೆ ಇಲ್ಲಿ ಹಾಕಿ.